ಫಲಕದಲ್ಲಿ ಕೆತ್ತದ ಗೆಲುವುಗಳು

ಒಂದು ಕ್ರೀಡಾ ತಂಡದ ಯೋಗ್ಯತೆಯನ್ನು ಅದು ಗೆದ್ದ ಒಟ್ಟು ಪಂದ್ಯಗಳಿಂದ ಅಳೆಯಬೇಕೋ, ಅದು ಪಡೆದ ಪ್ರಶಸ್ತಿಗಳಿಂದ ಅಳೆಯಬೇಕೋ ಎಂಬ ಪ್ರಶ್ನೆಗೆ ಸಮಾಜ ಈಗಾಗಲೇ ಕೊಟ್ಟಿರುವ ಉತ್ತರವನ್ನು ತಿಳಿಯಲು ಕರಾವಳಿಯ ಕ್ರೀಡಾಕೂಟಗಳ ಪರ್ಯಾಯ ಫಲಕವನ್ನು ಹತ್ತಿರದಿಂದ ನೋಡಿದರೆ ಸಾಕು. ಪರ್ಯಾಯ ಫಲಕವೆಂದರೆ ವರ್ಷ ವರ್ಷವೂ ಗೆದ್ದವರ ಮನೆಗೆ ಹೋಗಿ ಮರುವರ್ಷದ ಕೂಟಕ್ಕೆ ಸಂಘಟಕರ ಕೈಗೆ ಮರಳುವ ಪ್ರಶಸ್ತಿ. ಸತತ ಮೂರು ವರ್ಷ ಗೆದ್ದ ತಂಡ ಅದನ್ನು ತನ್ನದಾಗಿಸಿಕೊಳ್ಳಬಹುದೆಂಬ ಕಟ್ಟಳೆ ಹಲವು ಕಡೆ ಉಂಟು. ಮರದ ಹಲಗೆ, ನಡುವೆ ಸಂಘದ ಹೆಸರಿರುವ ದೊಡ್ಡ ತಗಡು, ಸುತ್ತಲೂ ಬೆರಳಗಲದ ಪುಟ್ಟ ಪಟ್ಟಿಗಳು, ಒಂದೊಂದು ಪಟ್ಟಿಯ ಮೇಲೆ ಒಂದು ಇಸವಿ ಮತ್ತು ಒಂದು ತಂಡದ ಹೆಸರು, ಕೊನೆಯಲ್ಲಿ ಇನ್ನೂ ಕೆತ್ತದೆ ಖಾಲಿ ಉಳಿದ ಕೆಲವು ಪಟ್ಟಿಗಳು: ಅದರ ರೂಪ ಸಾಮಾನ್ಯವಾಗಿ ಇಷ್ಟೇ. ವರ್ಷಕ್ಕೊಂದೇ ಪಟ್ಟಿ, ಪಟ್ಟಿಗೊಂದೇ ಹೆಸರು. ಫೈನಲಿನಲ್ಲಿ ಒಂದೇ ಅಂಕದಿಂದ ಸೋತ ತಂಡಕ್ಕೂ ಮೊದಲ ಸುತ್ತಿನಲ್ಲೇ ಹೊರಬಿದ್ದ ತಂಡಕ್ಕೂ ಆ ಹಲಗೆಯ ಮಟ್ಟಿಗೆ ಯಾವ ವ್ಯತ್ಯಾಸವೂ ಇಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಮಳೆಗಾಲ ಮುಗಿದು ಗದ್ದೆಯ ಕೊಯ್ಲು ಆದ ಮೇಲೆ ಮುಂದಿನ ಮಳೆಯವರೆಗೆ ಆಟದ ಸುಗ್ಗಿ. ಕುಂದಾಪುರದ ಗಾಂಧಿ ಮೈದಾನದಿಂದ ಹಿಡಿದು ಕೊಯ್ದು ಒಣಗಿದ ಬೆಟ್ಟು ಗದ್ದೆಯವರೆಗೆ ಕಬಡ್ಡಿ, ವಾಲಿಬಾಲ್, ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾಟಗಳು ಹೊನಲು ಬೆಳಕಿನಲ್ಲಿ ರಾತ್ರಿಯುದ್ದಕ್ಕೂ ನಡೆಯುತ್ತವೆ. ಅವುಗಳ ಕರಪತ್ರಗಳಲ್ಲಿ ಪ್ರಥಮ, ದ್ವಿತೀಯ ಬಹುಮಾನಗಳ ಮೊತ್ತ, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಎಂಬ ವೈಯಕ್ತಿಕ ಬಹುಮಾನಗಳು ಅಚ್ಚಾಗಿರುತ್ತವೆ. ಗೆದ್ದು ಬಂದವರ ಬಗ್ಗೆ ಊರವರು ಆಡುವ ಮಾತು ‘ಕಪ್ ಹೊಡೆದರು’ ಎಂಬುದು. ಆ ರಾತ್ರಿ ಎಷ್ಟು ಪಂದ್ಯ ಗೆದ್ದರು ಎಂಬ ಲೆಕ್ಕ ಆ ಮಾತಿನೊಳಗೆ ಬರುವುದೇ ಇಲ್ಲ. ಪ್ರಶಸ್ತಿಯೇ ಅಂತಿಮ ಅಳತೆಯೆಂದು ಒಪ್ಪಿಕೊಳ್ಳುವ ಮೊದಲು, ಆ ಪ್ರಶಸ್ತಿ ಸಿಗುವ ಬಗೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಅಗತ್ಯ.

ಇಂಥ ಪಂದ್ಯಾಟಗಳಲ್ಲಿ ಹೆಚ್ಚಿನವು ನಾಕೌಟ್ ಮಾದರಿಯವು, ಅಂದರೆ ಒಮ್ಮೆ ಸೋತ ತಂಡ ಅಲ್ಲಿಗೇ ಹೊರಬೀಳುವಂಥವು. 16 ತಂಡಗಳ ನಾಕೌಟಿನಲ್ಲಿ ಒಟ್ಟು 15 ಪಂದ್ಯಗಳು ನಡೆಯುತ್ತವೆ, 8 ತಂಡಗಳು ಒಂದೂ ಗೆಲುವಿಲ್ಲದೆ ಮನೆಗೆ ಹೋಗುತ್ತವೆ, ಪ್ರಶಸ್ತಿ ಪಡೆದ ತಂಡ 4 ಪಂದ್ಯ ಗೆದ್ದಿರುತ್ತದೆ, ಎರಡನೆಯ ಸ್ಥಾನದ ತಂಡ 3 ಗೆದ್ದಿರುತ್ತದೆ. ಫಲಕದ ಮೇಲೆ ಅಜಗಜಾಂತರವಾಗಿ ಕಾಣುವ ಅಂತರ ಗೆಲುವಿನ ಲೆಕ್ಕದಲ್ಲಿ ಒಂದೇ ಒಂದು. ಯಾವ ಎದುರಾಳಿಯನ್ನಾದರೂ ನೂರಕ್ಕೆ 60 ಸಲ ಸೋಲಿಸಬಲ್ಲ ಒಳ್ಳೆಯ ತಂಡವೊಂದಿದೆ ಎಂದು ಊಹಿಸಿದರೆ, ಅದು ಸತತ ನಾಲ್ಕು ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 13 ಮಾತ್ರ. ನೂರಕ್ಕೆ 80 ಸಲ ಗೆಲ್ಲಬಲ್ಲ, ಯಾವ ಊರಿನಲ್ಲೂ ಅಪರೂಪವಾದ ಬಲಾಢ್ಯ ತಂಡಕ್ಕೂ ಆ ಸಾಧ್ಯತೆ 41ನ್ನು ಮೀರುವುದಿಲ್ಲ. ಎಂದರೆ ಕೂಟದ ಅತ್ಯುತ್ತಮ ತಂಡ ಯಾವುದೆಂದು ಎಲ್ಲರಿಗೂ ಗೊತ್ತಿರುವಾಗಲೂ ಕಪ್ಪು ಹೆಚ್ಚಿನ ಸಲ ಬೇರೆ ಯಾರದೋ ಪಾಲಾಗುತ್ತದೆ.

ಎಲ್ಲ ಆಟಗಳಲ್ಲಿ ಈ ಅದೃಷ್ಟದ ಪಾಲು ಒಂದೇ ಪ್ರಮಾಣದ್ದಲ್ಲ ಎಂಬುದನ್ನು ಇಲ್ಲಿ ವಿವರವಾಗಿ ಗಮನಿಸಬೇಕು, ಏಕೆಂದರೆ ಪ್ರಶಸ್ತಿಯನ್ನು ಎಷ್ಟು ನಂಬಬಹುದೆಂಬುದು ಅದರ ಮೇಲೆಯೇ ನಿಂತಿದೆ. ವಾಲಿಬಾಲಿನ ಒಂದು ಸೆಟ್ಟಿಗೆ 25 ಅಂಕ. ಪ್ರತಿ ಅಂಕಕ್ಕಾಗಿ ಬೇರೆಯೇ ಹೋರಾಟ ನಡೆಯುವುದರಿಂದ, ನೂರು ಅಂಕಗಳಲ್ಲಿ 53ನ್ನು ಗೆಲ್ಲುವಷ್ಟೇ ಮೇಲುಗೈ ಇರುವ ತಂಡವೂ ಒಂದು ಸೆಟ್ಟನ್ನು ಮೂರರಲ್ಲಿ ಎರಡು ಸಲ ಗೆಲ್ಲುತ್ತದೆ, ಐದು ಸೆಟ್ಟುಗಳ ಪಂದ್ಯವನ್ನು ಮುಕ್ಕಾಲಿಗೂ ತುಸು ಹೆಚ್ಚು ಸಲ ಗೆಲ್ಲುತ್ತದೆ. ಚಿಕ್ಕ ಮೇಲುಗೈ ಮತ್ತೆ ಮತ್ತೆ ಪರೀಕ್ಷೆಗೊಳಗಾಗಿ ದೊಡ್ಡದಾಗುವ ಆಟ ಅದು. ಕಬಡ್ಡಿಯಲ್ಲೂ ದಾಳಿಯ ಮೇಲೆ ದಾಳಿ ನಡೆಯುವುದರಿಂದ ಬಲಾಬಲ ಬಹುಮಟ್ಟಿಗೆ ಹೊರಗೆ ಬರುತ್ತದೆ. ಕೆಲವೇ ಓವರುಗಳ ಟೆನಿಸ್ ಚೆಂಡಿನ ಕ್ರಿಕೆಟಿನಲ್ಲಾದರೋ ಇಡೀ ಪಂದ್ಯ ನಾಲ್ಕೈದು ಎಸೆತಗಳಲ್ಲಿ ತೀರ್ಮಾನವಾಗಿ ಹೋಗುತ್ತದೆ, ಗಾಳಿಗೆ ತೇಲಿದ ಒಂದು ಚೆಂಡು ಕ್ಷೇತ್ರರಕ್ಷಕನ ಬೆರಳಿಗೆ ತಾಗಿ ಗೆರೆ ದಾಟಿದರೆ ಫಲಕದ ಪಟ್ಟಿಯ ಮೇಲಿನ ಹೆಸರೇ ಬದಲಾಗುತ್ತದೆ. ಆದುದರಿಂದ ವಾಲಿಬಾಲ್ ಪಂದ್ಯಾಟದ ಪ್ರಶಸ್ತಿಗೂ ಕಿರು ಓವರುಗಳ ಕ್ರಿಕೆಟ್ ಪಂದ್ಯಾಟದ ಪ್ರಶಸ್ತಿಗೂ ಒಂದೇ ತೂಕ ಕೊಡುವುದು ಸರಿಯಲ್ಲ.

ಕರ್ನಾಟಕದ ಕ್ರಿಕೆಟ್ ಚರಿತ್ರೆ ಈ ಚರ್ಚೆಗೆ ಒದಗಿಸುವ ಸಾಮಗ್ರಿ ಇನ್ನೂ ಬೆಲೆಯುಳ್ಳದ್ದು, ಏಕೆಂದರೆ ಅಲ್ಲಿ ಗೆಲುವು ಮತ್ತು ಪ್ರಶಸ್ತಿ ಎರಡರ ದಾಖಲೆಯೂ ಉಳಿದಿದೆ. 1934-35ರಲ್ಲಿ ಆರಂಭವಾದ ರಣಜಿ ಟ್ರೋಫಿಯಲ್ಲಿ ಅಂದಿನ ಮೈಸೂರು ತಂಡ 1941-42ರಲ್ಲೂ 1959-60ರಲ್ಲೂ ಫೈನಲ್ ತಲುಪಿ, ಎರಡು ಸಲವೂ ಬಾಂಬೆಗೆ ಸೋತಿತು. (1956ರ ನವೆಂಬರ್ 1ರವರೆಗೆ ಕುಂದಾಪುರವೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಮೊದಲನೆಯ ಫೈನಲಿನ ಕಾಲಕ್ಕೆ ಕುಂದಾಪುರದವರಿಗೆ ಮೈಸೂರು ಸ್ವಂತ ರಾಜ್ಯದ ತಂಡವೇ ಆಗಿರಲಿಲ್ಲ ಎಂಬುದನ್ನೂ ನೆನೆಯಬಹುದು.) ಸುಮಾರು ನಾಲ್ಕು ದಶಕಗಳ ಕಾಲ ಮೈಸೂರು ಗೆದ್ದ ಪಂದ್ಯಗಳೆಲ್ಲ ಪ್ರಶಸ್ತಿಯ ಪಟ್ಟಿಯಲ್ಲಿ ಸೊನ್ನೆಯಾಗಿಯೇ ಉಳಿದವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಋತುವಿನಲ್ಲೇ, ಎರಪಳ್ಳಿ ಪ್ರಸನ್ನರ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲಿನಲ್ಲಿ ಬಾಂಬೆಯನ್ನು ಹೊರಗಟ್ಟಿ, ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ಗೆದ್ದಿತು.

ಆ ಸೆಮಿಫೈನಲ್ ಕರ್ನಾಟಕದ ಕ್ರಿಕೆಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸ್ಮರಿಸಲ್ಪಡುವ ಪಂದ್ಯ. 1958-59ರಿಂದ 1972-73ರವರೆಗೆ ಸತತ 15 ವರ್ಷ ಪ್ರಶಸ್ತಿ ಗೆದ್ದಿದ್ದ ಬಾಂಬೆಯ ಎದುರು ಜಿ. ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಹೊಡೆದು ಕರ್ನಾಟಕದ ಮೊತ್ತವನ್ನು 385ಕ್ಕೆ ಮುಟ್ಟಿಸಿದರು, ಚೆನ್ನಾಗಿ ಆಡುತ್ತಿದ್ದ ಬಾಂಬೆಯ ಅಜಿತ್ ವಾಡೇಕರ್ ಜಾರಿ ಬಿದ್ದು ರನೌಟ್ ಆದರು, ಬಾಂಬೆ 307ಕ್ಕೆ ಮುಗಿಯಿತು. ಆದರೆ ಪಂದ್ಯ ಪೂರ್ಣ ಫಲಿತಾಂಶ ಕಾಣಲಿಲ್ಲ. ಮೊದಲ ಇನಿಂಗ್ಸಿನ ಮುನ್ನಡೆಯ ಆಧಾರದ ಮೇಲೆ, ಅಂದರೆ ಎರಡು ತಂಡಗಳ ಮೊದಲ ಸರದಿಯ ಮೊತ್ತಗಳಲ್ಲಿ ಯಾವುದು ಹೆಚ್ಚೋ ಅದನ್ನು ನೋಡಿ, ಕರ್ನಾಟಕ ಮುಂದೆ ಹೋಯಿತು. ದಾಖಲೆಯ ಪುಸ್ತಕದಲ್ಲಿ ಆ ಪಂದ್ಯ ಡ್ರಾ. ಒಟ್ಟು ಗೆಲುವುಗಳನ್ನಷ್ಟೇ ಎಣಿಸುವವನ ಪಟ್ಟಿಯಲ್ಲಿ ಕರ್ನಾಟಕದ ಅತಿ ದೊಡ್ಡ ಗೆಲುವಿಗೆ ಜಾಗವೇ ಇಲ್ಲ. ಗೆಲುವಿನ ಎಣಿಕೆಯ ಪರವಾಗಿ ವಾದಿಸುವವರು ಈ ತೊಡಕನ್ನು ಪ್ರಾಮಾಣಿಕವಾಗಿ ಎದುರಿಸಬೇಕಾಗುತ್ತದೆ.

ಇದೇ ಮೊದಲ ಇನಿಂಗ್ಸಿನ ನಿಯಮ 1981-82ರ ಫೈನಲಿನಲ್ಲಿ ಕರ್ನಾಟಕಕ್ಕೆ ತಿರುಗುಬಾಣವಾಯಿತು. ದೆಹಲಿಯ ಎದುರು 705 ರನ್ನುಗಳ ಬೃಹತ್ ಮೊತ್ತ ಕಲೆಹಾಕಿದ್ದ ತಂಡ, ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಅವರ ಮುರಿಯದ ಒಂಬತ್ತನೆಯ ವಿಕೆಟ್ ಜೊತೆಯಾಟದಿಂದ ದೆಹಲಿ 8 ವಿಕೆಟಿಗೆ 707 ತಲುಪಿದ್ದರಿಂದ ಎರಡು ರನ್ನುಗಳ ಅಂತರದಲ್ಲಿ ಪ್ರಶಸ್ತಿ ಕಳೆದುಕೊಂಡಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದ ಫೈನಲಿನಲ್ಲಿ ಮುಂಬೈ ಒಡ್ಡಿದ 338 ರನ್ನುಗಳ ಗುರಿಯನ್ನು ಬೆನ್ನಟ್ಟಿದ ಕರ್ನಾಟಕ, ಮನೀಶ್ ಪಾಂಡೆಯ 144 ರನ್ನುಗಳ ಆಟದ ಹೊರತಾಗಿಯೂ 331ಕ್ಕೆ ಆಲೌಟಾಗಿ 6 ರನ್ನಿನಿಂದ ಸೋತಿತು. 2017-18ರ ಸೆಮಿಫೈನಲಿನಲ್ಲಿ ವಿದರ್ಭದ ಎದುರಿನ ಸೋಲು 5 ರನ್ನಿನದು, ಆ ವರ್ಷ ವಿದರ್ಭವೇ ಮೊದಲ ಸಲ ಟ್ರೋಫಿ ಎತ್ತಿತು. ಐಪಿಎಲ್‌ನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ 2009ರ ಫೈನಲನ್ನು ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತಿತು, 2011ರಲ್ಲೂ 2016ರಲ್ಲೂ ಮತ್ತೆ ಕೊನೆಯ ಮೆಟ್ಟಿಲಲ್ಲಿ ಎಡವಿತು, ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು ಅದೇ 6 ರನ್ನಿನಿಂದ ಸೋಲಿಸಿ ಮೊದಲ ಸಲ ಪ್ರಶಸ್ತಿ ಗೆದ್ದಿತು. ಕೀರ್ತಿಗೂ ಕೊರಗಿಗೂ ನಡುವೆ ಇದ್ದದ್ದು ಒಂದು ಸಿಕ್ಸರಿನಷ್ಟು ಅಂತರ. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಹದಿನೆಂಟು ವರ್ಷ ಕಾದ ಒಂದು ಕಪ್ಪಿನ ಮೇಲೆ ಒಂದು ನಾಡು ಎಷ್ಟು ಭಾರ ಹೇರಿತ್ತು ಎಂಬುದನ್ನು ಆ ದುರಂತದ ನೋವಿನಿಂದ ಬೇರ್ಪಡಿಸಿ ನೋಡಲಾಗದು.

ಅಂತಾರಾಷ್ಟ್ರೀಯ ಕ್ರೀಡೆಯೂ ಇದಕ್ಕೆ ಹೊರತಲ್ಲ. 2023ರ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ಭಾರತ ಸತತ 10 ಪಂದ್ಯ ಗೆದ್ದು ಹನ್ನೊಂದನೆಯದಾದ ಫೈನಲಿನಲ್ಲಿ ಆಸ್ಟ್ರೇಲಿಯಾಕ್ಕೆ ಸೋತಿತು. ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 2015-16ರ ಋತುವಿನ 82 ಪಂದ್ಯಗಳಲ್ಲಿ 73ನ್ನು ಗೆದ್ದು ದಾಖಲೆ ಮಾಡಿದರೂ ಏಳು ಪಂದ್ಯಗಳ ಅಂತಿಮ ಸರಣಿಯನ್ನು 3-4ರಿಂದ ಕಳೆದುಕೊಂಡಿತು. ಇಂಗ್ಲೆಂಡಿನ ಫುಟ್‌ಬಾಲ್ ಆದರೋ ಈ ಎರಡು ಅಳತೆಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. ಅಲ್ಲಿ 1871-72ರಿಂದ ನಡೆದು ಬಂದಿರುವ ಎಫ್‌ಎ ಕಪ್ ನಾಕೌಟ್ ಆಗಿದ್ದರೆ, 1888ರಲ್ಲಿ ಆರಂಭವಾದ ಲೀಗ್ ವರ್ಷವಿಡೀ ಎಲ್ಲರೂ ಎಲ್ಲರೊಡನೆ ಆಡಿ ಗಳಿಸಿದ ಅಂಕಗಳನ್ನು ಕೂಡಿಸುತ್ತದೆ. ಲೀಗಿನಲ್ಲಿ ಮೊದಲಿಗನಾದವನೇ ಚಾಂಪಿಯನ್, ಬಳಿಕ ಫೈನಲ್ ಎಂಬುದೇ ಇಲ್ಲ. ಗೆಲುವಿನ ಮೊತ್ತವೇ ಪ್ರಶಸ್ತಿಯಾಗುವ ಏರ್ಪಾಡು ಅದು.

ಪ್ರಶಸ್ತಿಯ ಪರವಾದ ವಾದದಲ್ಲೂ ಹುರುಳಿದೆ. ಒಟ್ಟು ಗೆಲುವಿನ ಲೆಕ್ಕ ಬಹಳ ಸುಲಭವಾಗಿ ಉಬ್ಬಿಸಬಹುದಾದದ್ದು. ದುರ್ಬಲ ತಂಡಗಳಿರುವ ಪಂದ್ಯಾಟಗಳನ್ನೇ ಹುಡುಕಿಕೊಂಡು ಹೋಗುವ ತಂಡ ಒಂದೇ ಋತುವಿನಲ್ಲಿ ಐವತ್ತು ಪಂದ್ಯ ಗೆಲ್ಲಬಹುದು, ಜಿಲ್ಲೆಯ ಬಲಿಷ್ಠರನ್ನೇ ಎದುರಿಸುವ ತಂಡ ಹತ್ತು ಗೆದ್ದು ಹತ್ತು ಸೋಲಬಹುದು. ಹಳೆಯ ತಂಡಕ್ಕೆ ವಯಸ್ಸಿನಿಂದಲೇ ಗೆಲುವು ಕೂಡಿಕೊಳ್ಳುತ್ತದೆ. ಅದಲ್ಲದೆ ಯಾವ ದಿನ, ಯಾರ ಎದುರು, ಯಾವ ನಿಯಮದಂತೆ ಗೆಲ್ಲಬೇಕೆಂಬುದು ಮೊದಲೇ ಎಲ್ಲರಿಗೂ ತಿಳಿದಿರುವಾಗ, ಆ ದಿನಕ್ಕೆ ಮೈಮನಸ್ಸುಗಳನ್ನು ಹದಗೊಳಿಸಿಕೊಂಡು ಬರುವುದೂ ಒಂದು ಸಾಮರ್ಥ್ಯವೇ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶಸ್ತಿ ಒಂದಾಗಿದ್ದಾಗ ಅದೃಷ್ಟದ ಸಂಶಯಕ್ಕೆ ಎಡೆಯಿರುತ್ತದೆ, ಹಲವಾದಾಗ ಆ ಸಂಶಯ ಕರಗುತ್ತದೆ. ಪ್ರತಿ ವರ್ಷ ಪ್ರಶಸ್ತಿ ಗೆಲ್ಲುವ ಸಾಧ್ಯತೆ ನೂರಕ್ಕೆ 80 ಇರುವ ತಂಡವೂ ಸತತ 15 ವರ್ಷ ಗೆಲ್ಲುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಬಾಂಬೆಯ ಆ ಸರಣಿಯನ್ನು ಅದೃಷ್ಟವೆನ್ನಲು ಯಾರಿಂದಲೂ ಆಗದು. ಕರ್ನಾಟಕ ತನ್ನ ಎಂಟು ರಣಜಿ ಪ್ರಶಸ್ತಿಗಳಲ್ಲಿ 2013-14 ಮತ್ತು 2014-15ರವನ್ನು ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಬೆನ್ನುಬೆನ್ನಿಗೆ ಗೆದ್ದಾಗ, ಎರಡನೆಯದರ ಫೈನಲಿನಲ್ಲಿ ಕರುಣ್ ನಾಯರ್ 328 ರನ್ ಹೊಡೆದು ತಮಿಳುನಾಡನ್ನು ಇನಿಂಗ್ಸ್ ಸೋಲಿಗೆ ತಳ್ಳಿದಾಗ, ಗೆಲುವಿನ ಲೆಕ್ಕವೂ ಪ್ರಶಸ್ತಿಯ ಲೆಕ್ಕವೂ ಒಂದೇ ಮಾತನ್ನು ಹೇಳಿದವು.

ಈ ಎರಡೇ ದಾರಿಗಳಿವೆಯೆಂಬ ಭಾವನೆ ಕಂಬಳದ ಗದ್ದೆಯ ಬಳಿಗೆ ಬಂದರೆ ನಿಲ್ಲುವುದಿಲ್ಲ. ಜೋಡುಕರೆಯ ಕಂಬಳ, ಅಂದರೆ ಅಕ್ಕಪಕ್ಕದ ಎರಡು ಓಟದ ಕರೆಗಳಲ್ಲಿ ಎರಡು ಜೋಡಿ ಕೋಣಗಳನ್ನು ಏಕಕಾಲಕ್ಕೆ ಓಡಿಸುವ ಕೂಟ, ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಸೋತವರನ್ನು ಕಳಚುತ್ತ ಸೆಮಿಫೈನಲ್, ಫೈನಲ್ ಎಂದು ಸಾಗುವ ನಾಕೌಟ್ ರೀತಿಯದು. ಆದರೆ ಅದೇ ಕೂಟದ ಕನೆಹಲಗೆ ವಿಭಾಗದ ನ್ಯಾಯವೇ ಬೇರೆ. ಅಲ್ಲಿ ಓಡಿಸುವವನು ಕೋಣಗಳ ಹಿಂದೆ ಕಟ್ಟಿದ ಮರದ ಹಲಗೆಯ ಮೇಲೆ ನಿಂತು ಕೆಸರುನೀರನ್ನು ಎಷ್ಟು ಎತ್ತರಕ್ಕೆ ಚಿಮ್ಮಿಸುತ್ತಾನೆ ಎಂಬುದೇ ಮುಖ್ಯ. ಕರೆಯ ಮೇಲೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಗೆ ನಿಶಾನೆ ಎಂದು ಹೆಸರು, ಅದರ ಎತ್ತರವನ್ನು ಕೋಲುಗಳಲ್ಲಿ ಎಣಿಸುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಎಂದು. ಹಲಗೆಯ ತೂತಿನಿಂದ ಎದ್ದ ನೀರಿನ ಕಂಬ ಆ ಬಟ್ಟೆಯನ್ನು ತೋಯಿಸಿದರೆ ಗೆದ್ದಂತೆ. ಒಂದು ಜೋಡಿ ಮುಟ್ಟಿದರೆ ಇನ್ನೊಂದು ಜೋಡಿ ಸೋಲಬೇಕೆಂದಿಲ್ಲ, ಮುಟ್ಟಿದ ಎಲ್ಲರಿಗೂ ಸಮಾನ ಬಹುಮಾನ ಕೊಡುವ ಕ್ರಮವೂ ಇದೆ. ಎದುರಾಳಿಯನ್ನು ಕೆಡಹುವುದಲ್ಲ, ಮೊದಲೇ ಕಟ್ಟಿಟ್ಟ ಮಟ್ಟವನ್ನು ಮುಟ್ಟುವುದೇ ಗೆಲುವು ಎಂಬ ಈ ಕಲ್ಪನೆ ಬಹಳ ಘನವಾದದ್ದು.

ವಂಡಾರು, ತಗ್ಗರ್ಸೆ, ಚೋರಾಡಿ, ಯಡ್ತಾಡಿಗಳಂಥ ಕಡೆಗಳಲ್ಲಿ ಕೊಯ್ಲಿನ ಬಳಿಕ ಮನೆತನದ ಗದ್ದೆಗಳಲ್ಲಿ ನಡೆದು ಬಂದಿರುವ ಸಾಂಪ್ರದಾಯಿಕ ಕಂಬಳಗಳಲ್ಲಿ ದೈವ ದೇವರ ಸೇವೆಯೇ ಮುಂದು, ಹರಕೆ ಹೊತ್ತವರು ತಮ್ಮ ಕೋಣಗಳನ್ನು ಗದ್ದೆಗಿಳಿಸುತ್ತಾರೆ. ಕೋಣ ಒಮ್ಮೆ ಓಡಿ ದಡ ಸೇರಿದರೆ ಹರಕೆ ಸಂದಿತು, ಅಲ್ಲಿ ಎಷ್ಟನೆಯ ಸ್ಥಾನ ಎಂಬ ಪ್ರಶ್ನೆಗೇ ಅರ್ಥವಿಲ್ಲ.

ಮಟ್ಟ ಮುಟ್ಟುವ ಕನೆಹಲಗೆಯ ನ್ಯಾಯವನ್ನು ಕುಂದಾಪುರ ಸೀಮೆಯ ಒಬ್ಬ ಕ್ರೀಡಾಪಟುವಿನ ಸಾಧನೆಗೂ ಅನ್ವಯಿಸಬಹುದು. ವಂಡ್ಸೆ ಭಾಗದ ಭಾರ ಎತ್ತುವ ಪಟು ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಪಡೆದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕೆಜಿ ವಿಭಾಗದಲ್ಲಿ 269 ಕೆಜಿ ಎತ್ತಿದರೂ ದೊರೆತದ್ದು ಕಂಚು. ದೇಹತೂಕದ ವಿಭಾಗ ಬದಲಾಗಿದ್ದರಿಂದ ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲವಾದರೂ, ಪದಕದ ಬಣ್ಣವನ್ನಷ್ಟೇ ನೋಡಿ ಎರಡನೆಯ ಸಲ ಅವರು ಹಿಂದೆ ಬಿದ್ದರೆಂದು ಹೇಳುವವನು 20 ಕೆಜಿ ಕಬ್ಬಿಣವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಂತಾಗುತ್ತದೆ.

ಶಾಲಾ ಕಾಲೇಜುಗಳ ಕ್ರೀಡಾಕೂಟಗಳಲ್ಲಿರುವ ಸಮಗ್ರ ಪ್ರಶಸ್ತಿ ಎಂಬ ಪದ್ಧತಿಯೂ ಗಮನಾರ್ಹ. ಓಟ, ಜಿಗಿತ, ಎಸೆತ, ಗುಂಪು ಆಟಗಳಲ್ಲಿ ಮೊದಲ ಮೂರು ಸ್ಥಾನಗಳಿಗೆ ಅಂಕ ಕೊಟ್ಟು, ಎಲ್ಲವನ್ನೂ ಕೂಡಿಸಿ ಅತಿ ಹೆಚ್ಚು ಅಂಕ ಗಳಿಸಿದ ಶಾಲೆಗೆ ಕೊಡುವ ಈ ಪ್ರಶಸ್ತಿಯಲ್ಲಿ ಮೂರನೆಯ ಸ್ಥಾನವೂ ಕೊನೆಯ ಮೊತ್ತಕ್ಕೆ ಸೇರುತ್ತದೆ. ಪ್ರೊ ಕಬಡ್ಡಿ ಲೀಗ್ ಬಹುಕಾಲ ಅನುಸರಿಸಿದ ಅಂಕಪಟ್ಟಿಯಲ್ಲಿ ಗೆಲುವಿಗೆ 5, ಸಮಬಲಕ್ಕೆ 3 ಅಂಕವಿದ್ದಂತೆ, 7 ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತವರಿಗೂ 1 ಅಂಕವಿತ್ತು. ಗೆಲುವು ಸೋಲುಗಳ ನಡುವಿನ ಹಂತಗಳನ್ನು ಗುರುತಿಸುವ ಇಂಥ ಲೆಕ್ಕವೇ ತಂಡದ ನಿಜವಾದ ಬಲಕ್ಕೆ ಹೆಚ್ಚು ಹತ್ತಿರವಾದದ್ದು.

ಇಷ್ಟನ್ನೆಲ್ಲ ಮುಂದಿಟ್ಟುಕೊಂಡು ನೋಡಿದರೆ, ಒಂದು ದಿನದ ಗೌರವ ಯಾರಿಗೆ ಸಲ್ಲಬೇಕೆಂಬುದನ್ನು ಪ್ರಶಸ್ತಿ ತೀರ್ಮಾನಿಸುತ್ತದೆ, ಆ ತೀರ್ಮಾನವನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಆದರೆ ತಂಡ ಎಂಥದು ಎಂದು ತಿಳಿಯಲು ಅದು ಯಾರ ಎದುರು, ಎಷ್ಟು ಸಲ, ಎಷ್ಟು ಅಂತರದಿಂದ ಗೆದ್ದಿತು ಸೋತಿತು ಎಂಬ ಪೂರ್ಣ ದಾಖಲೆಗೇ ಹೆಚ್ಚಿನ ಬೆಲೆ ಕೊಡಬೇಕು. ಮೈಸೂರಿನಲ್ಲಿ 6 ರನ್ನಿನಿಂದ ಸೋತ ತಂಡ ಕಳಪೆಯಲ್ಲವೆಂದು ಇಂದಿಗೂ ಧೈರ್ಯದಿಂದ ಹೇಳಲು ಸಾಧ್ಯವಾಗುವುದು ಆ ಪಂದ್ಯದ ಪ್ರತಿ ರನ್ನಿನ ಲೆಕ್ಕವೂ ಉಳಿದಿರುವುದರಿಂದ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಹುತೇಕ ತಂಡಗಳಿಗೆ ಆ ಭಾಗ್ಯವಿಲ್ಲ. ರಾತ್ರಿಯಿಡೀ ಬರೆದ ಸ್ಕೋರ್ ಹಾಳೆಗಳು ಬೆಳಗಾಗುವಷ್ಟರಲ್ಲಿ ಮೈದಾನದ ಕಸದೊಡನೆ ಹೋಗುತ್ತವೆ, ಪತ್ರಿಕೆಯ ವರದಿಯಲ್ಲಿ ಪ್ರಥಮ ದ್ವಿತೀಯಗಳಷ್ಟೇ ಬರುತ್ತವೆ, ಫಲಕದಲ್ಲಿ ಒಂದೇ ಹೆಸರು ಉಳಿಯುತ್ತದೆ. ಇಲ್ಲಿ ಪ್ರಶಸ್ತಿಯೇ ಎಲ್ಲವೂ ಆಗಿರುವುದಕ್ಕೆ ಮುಖ್ಯ ಕಾರಣ ಬೇರೆ ಯಾವುದನ್ನೂ ಯಾರೂ ಬರೆದಿಡದಿರುವುದೇ. ಒಂದು ಕಾಲದಲ್ಲಿ ಊರೂರು ತಿರುಗಿ ಗೆದ್ದು, ಒಂದೂ ದೊಡ್ಡ ಕಪ್ಪು ಸಿಗದೆ, ಆಟಗಾರರು ಮುಂಬೈಗೂ ಬೆಂಗಳೂರಿಗೂ ದುಡಿಯಲು ಹೋದ ಮೇಲೆ ಹೆಸರಿಲ್ಲದೆ ಕರಗಿಹೋದ ತಂಡಗಳ ಬಲವನ್ನು ಇಂದು ತಿಳಿಯುವ ದಾರಿಯೇ ಇಲ್ಲ.

ಆದುದರಿಂದ ಈ ಮೂರು ತಾಲೂಕುಗಳ ಯುವಕ ಮಂಡಲಗಳು ಮತ್ತು ಕ್ರೀಡಾ ಸಂಘಗಳು ಮುಂದಿನ ಋತುವಿನಿಂದ ಪ್ರತಿ ಪಂದ್ಯಾಟಕ್ಕೂ ಒಂದು ಗಟ್ಟಿ ರಟ್ಟಿನ ಸ್ಕೋರ್ ಪುಸ್ತಕವಿಟ್ಟು, ಮೊದಲ ಸುತ್ತಿನ ಮೊದಲ ಪಂದ್ಯದಿಂದ ಫೈನಲಿನವರೆಗೆ ಎಲ್ಲ ತಂಡಗಳ ಹೆಸರು, ಅಂಕ, ದಿನಾಂಕಗಳನ್ನು ಬರೆದು, ಆ ಪುಸ್ತಕವನ್ನು ಪರ್ಯಾಯ ಫಲಕದ ಪಕ್ಕದಲ್ಲೇ ಜೋಪಾನವಾಗಿ ಇಡಬೇಕು; ಹಳೆಯ ಹಾಳೆಗಳನ್ನು ಪೆಟ್ಟಿಗೆಯಲ್ಲೋ ಅಟ್ಟದಲ್ಲೋ ಉಳಿಸಿಕೊಂಡಿರುವ ಹಿರಿಯ ಆಟಗಾರರು ಈ ಮಳೆಗಾಲ ಕಳೆಯುವುದರೊಳಗೆ ಅವನ್ನು ತಮ್ಮೂರಿನ ಸಂಘಕ್ಕೆ ತಂದೊಪ್ಪಿಸಬೇಕು.